ಪರ-ವಿರೋಧ: ತಾರೆಯ ಹೆಸರು ಹೋರಾಟಕ್ಕೆ ಬಲವೇ? ಜಾರ್ಜ್ ಟಕೇ ಪ್ರಸಂಗ

ಪರ

ಪರವಾಗಿ ಬರೆಯಿರಿ ಎಂದಿದ್ದಾರೆ, ಬರೆಯುತ್ತೇನೆ. ಪೂರ್ತಿ ಒಪ್ಪಿಗೆಯೆಂದು ಮಾತ್ರ ತಿಳಿಯಬೇಡಿ. ಅಮೆರಿಕದ ಟಿವಿ ಸರಣಿ ಸ್ಟಾರ್ ಟ್ರೆಕ್‌ನ ಸುಲು ಪಾತ್ರ (1966-69) ಜಪಾನಿ ಮೂಲದ ನಟ ಟಕೇ ಅವರ ಮುಖವನ್ನು ಮನೆಮನೆಗೆ ಮುಟ್ಟಿಸಿತು. ಆ ಮುಖವಿಲ್ಲದಿದ್ದರೆ, ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ, 1942ರಲ್ಲಿ ಐದು ವರ್ಷದ ಹುಡುಗ ಟಕೇಯನ್ನು ಸಾಂಟಾ ಅನಿಟಾ ರೇಸ್‌ಕೋರ್ಸಿನ ಕುದುರೆ ಲಾಯಕ್ಕೆ, ಅಲ್ಲಿಂದ ಅರ್ಕಾನ್ಸಾದ ರೋವರ್ ಶಿಬಿರಕ್ಕೆ, ಕೊನೆಗೆ ಟೂಲಿ ಲೇಕ್ ಶಿಬಿರಕ್ಕೆ ದೂಡಿದ ಕಥೆಗೆ ಎಷ್ಟು ಜನ ಕಿವಿಗೊಡುತ್ತಿದ್ದರು? ಹೆಸರಿದ್ದವರ ಮಾತು ಕೇಳಿಸುತ್ತದೆ, ಅಷ್ಟೇ. ಲಾಸ್ ಏಂಜಲೀಸ್ ಸಾರಿಗೆ ಮಂಡಳಿಯಲ್ಲಿ 1973ರಿಂದ 84ರವರೆಗೆ ಕೂತರು; 1978ರಲ್ಲಿ ಸಿನಿಮಾ ಸೆಟ್‌ನಿಂದಲೇ ಕರೆಸಿಕೊಂಡು ಹಾಕಿಸಿದ ಅವರ ಮತದಿಂದ ಸುರಂಗ ರೈಲಿನ ಪರ ತೀರ್ಮಾನವಾಯಿತು. 2005ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಶ್ವಾರ್ಜ್‌ನೆಗರ್ ಸಲಿಂಗ ವಿವಾಹ ಮಸೂದೆಯನ್ನು ತಡೆದಾಗ, 68ರ ವಯಸ್ಸಿನಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದರು. ಹೆಸರಿದ್ದವರ ಮಾತು ಕೇಳಿಸುತ್ತದೆ.

ವಿರೋಧ

ಸೆಟ್‌ನಿಂದ ಓಡಿಬಂದು ಕೈಯೆತ್ತುವುದೇ ಹೋರಾಟವಾದರೆ, ಮಂಡಳಿಯ ಉಳಿದ ಸದಸ್ಯರಿಗೂ ಹಾರ ಹಾಕೋಣ. ಹೆಸರು ಕಾಲಿಗೆ ತೊಡರುವುದೂ ಉಂಟು. 1973ರಲ್ಲಿ ಟಕೇ ನಗರಸಭೆಗೆ ನಿಂತರು. ಅಭ್ಯರ್ಥಿಯೊಬ್ಬ ಸುದ್ದಿಯಲ್ಲದ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರೆ ಎದುರಾಳಿಗಳೂ ಅಷ್ಟೇ ಸಮಯ ಕೇಳಬಹುದು ಎನ್ನುತ್ತದೆ ಅಮೆರಿಕದ ಪ್ರಸಾರ ಕಾನೂನು. ಹಾಗಾಗಿ ಚುನಾವಣೆ ಮುಗಿಯುವವರೆಗೆ ಸ್ಥಳೀಯ ವಾಹಿನಿ ಸ್ಟಾರ್ ಟ್ರೆಕ್‌ನ ಹಳೆಯ ಕಂತುಗಳ ಮರುಪ್ರಸಾರ ನಿಲ್ಲಿಸಿತು. ಸ್ಟಾರ್ ಟ್ರೆಕ್‌ನ ಕಾರ್ಟೂನ್ ಸರಣಿಯಲ್ಲೂ ಅವರ ದನಿ ಇಲ್ಲದ ಕಂತನ್ನು ಹುಡುಕಿ ಹಾಕಿದರು. 1,647 ಮತಗಳಿಂದ ಸೋಲು.

ಇನ್ನು ಶಿಬಿರಗಳ ಪರಿಹಾರದ ಹೋರಾಟ. 1981ರಲ್ಲಿ ಈ ಶಿಬಿರಗಳ ತನಿಖೆಗೆ ನೇಮಕವಾದ ಸರ್ಕಾರಿ ಆಯೋಗದ ಮುಂದೆ ಟಕೇ ಸಾಕ್ಷಿ ಹೇಳಿದ್ದು ನಿಜ, ಆದರೆ ಸಾಕ್ಷಿ ಹೇಳಿದವರು 750ಕ್ಕೂ ಹೆಚ್ಚು. ಯುದ್ಧಕಾಲದಲ್ಲಿ ಶಿಬಿರಗಳು ಅನಿವಾರ್ಯವಾಗಿದ್ದವು ಎಂಬ ಸರ್ಕಾರದ ವಾದವನ್ನು ಮುರಿದದ್ದು ಕಡತ. ಐಕೊ ಹರ್ಜಿಗ್-ಯೋಶಿನಾಗ ಎಂಬ ಸಂಶೋಧಕಿ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಪುಟಪುಟ ತಿರುವುತ್ತಿದ್ದವರು. 1982ರಲ್ಲಿ ಅಲ್ಲಿನ ಮೇಜೊಂದರ ಮೇಲೆ ಜನರನ್ನು ಮನೆಗಳಿಂದ ಹೊರಹಾಕಿಸಿದ ಸೇನಾಧಿಕಾರಿ ಜನರಲ್ ಡಿವಿಟ್ ವರದಿಯ ಮೂಲ ಪ್ರತಿ ಅವರ ಕಣ್ಣಿಗೆ ಬಿತ್ತು. ಸುಟ್ಟುಹಾಕಿ ಎಂದು ಸೇನೆ ಆದೇಶಿಸಿದ್ದ ಹತ್ತು ಪ್ರತಿಗಳಲ್ಲಿ ಉಳಿದದ್ದು. ನಿಷ್ಠರನ್ನೂ ನಿಷ್ಠೆಯಿಲ್ಲದವರನ್ನೂ ಬೇರ್ಪಡಿಸಲು ಸಮಯವಿರಲಿಲ್ಲ ಎನ್ನುತ್ತಿತ್ತು ತಿದ್ದಿ ಹೊರಡಿಸಿದ ವರದಿ. ಮೂಲದಲ್ಲಿ ಇದ್ದದ್ದು ಬೇರೆ: ಸಮಯದ ಪ್ರಶ್ನೆಯೇ ಅಲ್ಲ, ಈ ಜನರಲ್ಲಿ ಹಾಗೆ ಬೇರ್ಪಡಿಸುವುದೇ ಅಸಾಧ್ಯ. ಸರ್ಕಾರ ಸಾಕ್ಷ್ಯ ಮುಚ್ಚಿಟ್ಟು ಸುಪ್ರೀಂ ಕೋರ್ಟಿನಲ್ಲಿ ತನ್ನ ಪರ ತೀರ್ಪು ಪಡೆದದ್ದು ಬಯಲಾದ ಮೇಲೆ ವಕೀಲರು ಹಳೆಯ ಮೊಕದ್ದಮೆಗಳನ್ನು ಮತ್ತೆ ತೆರೆಸಿದರು. 1983ರಲ್ಲಿ, ಹೊರಹೋಗುವ ಆದೇಶ ಧಿಕ್ಕರಿಸಿದ್ದ ಫ್ರೆಡ್ ಕೊರೆಮಾಟ್ಸು ಮೇಲಿನ ಶಿಕ್ಷೆ ರದ್ದಾಯಿತು.

ಈ ಕೆಲಸಕ್ಕೆ ಕ್ಯಾಮೆರಾ ಬೇಕಿರಲಿಲ್ಲ. ಬೇಕಿದ್ದದ್ದು ಸೂಚಿಪಟ್ಟಿ, ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಓದುವ ತಾಳ್ಮೆ. ಇಂದು ಆ ಶಿಬಿರಗಳೆಂದರೆ ಜನಕ್ಕೆ ನೆನಪಾಗುವುದು ಸುಲು. ಐಕೊ ಹೆಸರು ಯಾರ ಬಾಯಲ್ಲಿದೆ? ನನ್ನ ತಕರಾರು ಟಕೇ ಮೇಲಲ್ಲ, ಈ ನೆರಳಿನ ಮೇಲೆ. 1988ರ ಪರಿಹಾರ ಕಾನೂನು ಶಿಬಿರಗಳಲ್ಲಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು, ಅದೂ ಸಹಿ ಬಿದ್ದ ದಿನ ಬದುಕಿದ್ದವರಿಗಷ್ಟೇ. 1990ರ ಅಕ್ಟೋಬರಿನಲ್ಲಿ ಚೆಕ್ಕುಗಳು ಹೊರಟದ್ದು ವಯಸ್ಸಿನ ಪ್ರಕಾರ, ಅತಿ ಹಿರಿಯರಿಗೆ ಮೊದಲು.