ಆ ಕಾಲವೇ ಚೆಂದವಂತೆ!

ಹೋದ ಭಾನುವಾರ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಓದುಗರ ಕೂಟ. ಇಬ್ಬರು ಹೆಂಗಸರು ಕಾಲ ಅದಲುಬದಲು ಮಾಡಿಕೊಳ್ಳುವ ಕಾದಂಬರಿ. ಇಂದಿನವಳು 1880ರ ದಶಕದ ಮುಂಬೈಗೆ, ಅಂದಿನವಳು ಇಂದಿನ ಲೋಕಲ್ ಟ್ರೈನಿಗೆ. ಎರಡು ರಾತ್ರಿ ನಿದ್ದೆಗೆಟ್ಟು ಓದಿ ಹೋಗಿದ್ದೆ. ಮೊದಲ ಅಭಿಪ್ರಾಯವೇ, "ಏನೇ ಹೇಳ್ರೀ, ಆ ಕಾಲವೇ ಚೆಂದ. ಹೆಂಗಸರು ನೆಮ್ಮದಿಯಾಗಿದ್ದರು."

ನೆಮ್ಮದಿ? ಯಾರಿಗೆ? ಇದೇ ಮುಂಬೈಯಲ್ಲಿ, ಬಾಲ್ಯದಲ್ಲೇ ಮದುವೆಯಾಗಿದ್ದ ರಖ್ಮಾಬಾಯಿ ಗಂಡನ ಮನೆಗೆ ಹೋಗಲೊಲ್ಲೆ ಎಂದದ್ದಕ್ಕೆ 1887ರಲ್ಲಿ ಕೋರ್ಟು 'ಹೋಗು, ಇಲ್ಲವೇ ಆರು ತಿಂಗಳು ಜೈಲು' ಎಂದಿತ್ತು. ಒಂಬತ್ತಕ್ಕೆ ಮದುವೆಯಾದ ಆನಂದಿಬಾಯಿ ಜೋಶಿ ಹೆತ್ತ ಕೂಸನ್ನು ಕಳೆದುಕೊಂಡು, ಅಮೆರಿಕದಲ್ಲಿ ಓದಿ 1886ರಲ್ಲಿ ಡಾಕ್ಟರಾಗಿ, ಮರುವರ್ಷವೇ ಪುಣೆಯಲ್ಲಿ ತೀರಿಕೊಂಡರು. ವಯಸ್ಸು 21! ಇದು ನೆಮ್ಮದಿಯೇ?

ಪ್ರತಿ ಸಲ ಇದೇ ಗೋಳು. ಹೆಂಗಸರ ಕಥೆ ಎಂದರೆ ಸಾಕು, "ನಾಯಕಿ ಬಾಯಿ ಜಾಸ್ತಿ" ಎಂದು ಒಬ್ಬರು. ಕಾಲಯಂತ್ರದ ವಿವರಣೆ ಸಾಲದು ಎಂದು ಇನ್ನೊಬ್ಬರು. ಬರೀ ಬೆನ್ನುಡಿ ಓದಿ ಬಂದವರದು ಇಪ್ಪತ್ತು ನಿಮಿಷದ ಭಾಷಣ. ಅಂದಿನವಳು ಲೇಡೀಸ್ ಡಬ್ಬಿಯಲ್ಲಿ ಕೂತು, ಸುತ್ತಲಿನ ಹುಡುಗಿಯರು ಓದುವುದನ್ನು ನೋಡಿ ಅಳುವ ಪುಟ ಇದೆಯಲ್ಲ, ನನ್ನ ಕಣ್ಣೂ ಒದ್ದೆಯಾದ ಪುಟ, ಅದರ ಬಗ್ಗೆ ಒಬ್ಬರಾದರೂ ತುಟಿ ಬಿಚ್ಚಬಾರದೇ?

ಅಷ್ಟಕ್ಕೂ 'ಆ ಕಾಲವೇ ಚೆಂದ' ಎಂದವರು ಯಾರು? ಮೂವತ್ತು ವರ್ಷ ಮುಂಬೈನ ಫೋರ್ಟ್ ಪ್ರದೇಶದ ಆಫೀಸಿಗೆ ಲೋಕಲ್‌ನಲ್ಲಿ ಜೋತಾಡಿ ಹೋಗಿ, ಈಗ ತಮ್ಮದೇ ಪಿಂಚಣಿಯಲ್ಲಿ ಬದುಕುತ್ತಿರುವ ಅಕ್ಕ. ಅಕ್ಕಾ, ಆ ಕಾಲದಲ್ಲಿ ನಿಮ್ಮ ಕೈಗೆ ಈ ಪುಸ್ತಕ ಕೊಡುತ್ತಿದ್ದವರು ಯಾರು?