ಈ ರೇಡಿಯಂಗೆ ವಾರಸುದಾರರು ಯಾರು ಸ್ವಾಮಿ?

ಅಮೆರಿಕದಲ್ಲಿ ವಿಕಿರಣ ಅಪಾಯವೋ ಅಲ್ಲವೋ ಅಂತ ತಿಳಿಯಲು ಗೀಗರ್ ಕೌಂಟರ್ ಎಂಬ ಅಳತೆಯ ಯಂತ್ರ ಬೇಕಿಲ್ಲ. ದುಡ್ಡು ಯಾರು ಕೊಡುತ್ತಾರೆ ಅಂತ ನೋಡಿದರೆ ಸಾಕು.

ನೆವಾಡದ ಮರುಭೂಮಿಯಲ್ಲಿ 1964ರಲ್ಲಿ ಒಂದು ಕಂಪನಿ ನೆಲದಾಳದ ಬಿಸಿಯಿಂದ ಕರೆಂಟು ತೆಗೆಯುವ ಆಸೆಗೆ ಬಾವಿ ಕೊರೆಯಿತು. ಮೈ ಸುಡುವ ನೀರೇ ಬಂತು, ಆದರೆ ಅವರ ಲೆಕ್ಕಕ್ಕೆ ಅದು ಸಾಲಲಿಲ್ಲ. ಬಾಯಿಗೆ ಏನೋ ಒಂದು ತುರುಕಿ ಹೊರಟುಹೋದರು. ನೀರು ಕೇಳಬೇಕಲ್ಲ, ಕಿತ್ತುಕೊಂಡು ಚಿಮ್ಮಿತು, ಇವತ್ತಿಗೂ ಚಿಮ್ಮುತ್ತಿದೆ. ಸುತ್ತ ಹಸಿರು, ಕೆಂಪು ದಿಬ್ಬ ಬೆಳೆದು ಫ್ಲೈ ಗೀಸರ್ ಅಂತ ಹೆಸರಾಯಿತು. ಈಗ ಜನ ಕಾಸು ಕೊಟ್ಟು ನೋಡುತ್ತಾರೆ.

ಇದು ಫೋಟೋಗೆ ಪೋಸು ಕೊಡುವ ಬಾವಿ. ಹೀಗೇ ಬಿಟ್ಟುಹೋದ ಬಾವಿಯಿಂದ ಪೋಸು ಕೊಡದೆ ಸುಮ್ನೆ ಹಳ್ಳಕ್ಕೆ ಹರಿಯುವ ಬಿಸಿನೀರಿನ ಕತೆ ಬೇರೆ. ಬಂಡೆಯೊಳಗಿನ ರೇಡಿಯಂ ಎಂಬ ವಿಕಿರಣ ಸೂಸುವ ಲೋಹ ಅದರಲ್ಲಿ ಕರಗಿ ಮೇಲೆ ಬರಬಹುದು, ಬಂದರೆ ಸುಣ್ಣದ ಜೊತೆ ದಡದಲ್ಲಿ ಹಕ್ಕಳೆ ಕಟ್ಟುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ವಿಜ್ಞಾನಿಗಳು ನೆವಾಡದ ಬುಗ್ಗೆಗಳನ್ನು ಅಳೆದಾಗ ಸುಣ್ಣ ಕಟ್ಟುವ ಬುಗ್ಗೆಗಳಲ್ಲೇ ವಿಕಿರಣ ಜಾಸ್ತಿ ಇತ್ತು. ಪಕ್ಕದಲ್ಲಿ ನಡೆದುಹೋದವರಿಗೆ ಏನೂ ಆಗಲ್ಲ, ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಬಯಲಲ್ಲಿ ಹಾರಿಹೋಗುತ್ತದೆ. ಹಕ್ಕಳೆ ಹಾರುವುದಿಲ್ಲ. ರೇಡಿಯಂ 226 ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು, ಬಾವಿ ಕೊರೆಯುವ ಕಂಪನಿ 16 ವರ್ಷ ಬಾಳಿದರೆ ಪುಣ್ಯ.

ಯಾರನ್ನು ಕೇಳುವುದು? ನೆಲದಿಂದ ತಾನಾಗಿ ಬಂದ ರೇಡಿಯಂ ಅಲ್ಲಿನ ಕೇಂದ್ರದ ಅಣು ನಿಯಂತ್ರಣ ಆಯೋಗದ ಲೆಕ್ಕಕ್ಕೆ ಬಹುಮಟ್ಟಿಗೆ ಬರುವುದೇ ಇಲ್ಲ. ಅದು ರಾಜ್ಯಗಳ ಪಾಲು, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಕುಡಿಯುವ ನೀರಿಗೆ ಲೀಟರಿಗೆ 5 ಪಿಕೋಕ್ಯೂರಿ (ವಿಕಿರಣದ ಒಂದು ಅಳತೆ) ರೇಡಿಯಂ ಎಂಬ ಮಿತಿ ಇದೆ, ಆದರೆ ಅದು ಊರಿನ ನಲ್ಲಿಗೆ. ಹಳ್ಳದಲ್ಲಿ ಬಾಯಿಟ್ಟು ಕುಡಿಯುವ ದನ ಕನೆಕ್ಷನ್ ತಗೊಂಡಿಲ್ಲವಲ್ಲ!

ಅದೇ ನೀವು ಅಲ್ಲಿ ಮನೆ ಕೊಳ್ಳಿ, ಮರ್ಯಾದೆಯೇ ಬೇರೆ. ಬೇಸ್‌ಮೆಂಟಿನ ಗಾಳಿಯಲ್ಲಿ ಲೀಟರಿಗೆ 4 ಪಿಕೋಕ್ಯೂರಿ ರೇಡಾನ್ ಸಿಕ್ಕಿದರೆ ಕಾಂಕ್ರೀಟು ತೂತು ಮಾಡಿ, ಸೂರು ದಾಟುವ ತನಕ ಬಿಳಿ ಪೈಪು ಏರಿಸಿ, ಅದನ್ನು ಹೊರಗೆ ಎಳೆಯಲು ಹಗಲು ರಾತ್ರಿ ಫ್ಯಾನ್ ಓಡಿಸುತ್ತಾರೆ. ಪೈಪಿಗೆ ಅಂಟಿಸಿದ ಪುಟ್ಟ ಯು ಆಕಾರದ ನಳಿಗೆಯಲ್ಲಿ ಬಣ್ಣದ ನೀರಿರುತ್ತದೆ. ಎರಡೂ ಕಡೆ ಸಮ ಆಯಿತೋ, ಫ್ಯಾನ್ ಕೆಟ್ಟಿದೆ ಅಂತ ಅರ್ಥ. ಊರಿಂದ ಬಂದ ಅಪ್ಪ ಅಮ್ಮನಿಗೆ ನಮ್ಮ ಹುಡುಗರು ಅಡುಗೆಮನೆಗಿಂತ ಮೊದಲು ಅದನ್ನೇ ತೋರಿಸುತ್ತಾರೆ. ಹೆದರಿಕೆ ಸುಳ್ಳಲ್ಲ. ರೇಡಾನಿನಿಂದ ವರ್ಷಕ್ಕೆ ಸುಮಾರು 21,000 ಜನ ಶ್ವಾಸಕೋಶದ ಕ್ಯಾನ್ಸರಿಗೆ ಬಲಿ ಅಂತ ಅಲ್ಲಿನ ಪರಿಸರ ಇಲಾಖೆಯೇ ಅಂದಾಜು ಮಾಡಿದೆ.

ಈಗ ಅದೇ ದೇಶದ ಮೊಂಟಾನಾಗೆ ಬನ್ನಿ. ಬೇಸಿನ್, ಬೋಲ್ಡರ್ ಎಂಬ ಊರುಗಳ ಹಳೇ ಗಣಿಗಳು 1950ರ ದಶಕದಿಂದ 'ಆರೋಗ್ಯ ಗಣಿ'ಗಳಾಗಿವೆ. ರೇಡಾನ್ ಮನೆಯ ಮಿತಿಗಿಂತ ನೂರಾರು ಪಟ್ಟು, ಅದೇ ಅಲ್ಲಿನ ಸರಕು! ಕೀಲುನೋವಿನವರು ದುಡ್ಡು ಕೊಟ್ಟು ಒಳಗೆ ಕೂತು ಇಸ್ಪೀಟು ಆಡುತ್ತಾ ಉಸಿರು ಎಳೆದುಕೊಳ್ಳುತ್ತಾರೆ, ಗಣಿಯ ನೀರಲ್ಲಿ ಕಾಲು ನೆನೆಸುತ್ತಾರೆ, ಕುಂಟುವ ನಾಯಿಯನ್ನೂ ಕರೆತರುತ್ತಾರೆ. ಒಂದು ಗಣಿಯ ಹೆಸರು 'ಮೆರ್ರಿ ವಿಡೋ'. ಖುಷಿಯಾಗಿರುವ ವಿಧವೆ! ಗಂಡನನ್ನು ಕರೆದುಕೊಂಡು ಹೋಗುವ ಮೊದಲು ಯೋಚಿಸಿ.

ಹಾಗಾಗಿ ವಾರಸುದಾರರಿಲ್ಲದ ಬಾವಿಗಳನ್ನು ಮುಚ್ಚಲು ಅರ್ಜಿ ಹಾಕಬೇಡಿ, ಸಿಮೆಂಟಿಗೆ ದುಡ್ಡು ಮಂಜೂರಾಗಲ್ಲ. ಹಳ್ಳದ ದಡದಲ್ಲಿ ಎರಡು ಬೆಂಚು ಹಾಕಿ, ಒಂದು ಟಿಕೆಟ್ ಕೌಂಟರ್ ತೆರೆಯಿರಿ. ನಾಯಿಗೆ ಅರ್ಧ ಟಿಕೆಟ್.