ಎತ್ತಬ್ಯಾಡ್ರಿ, ಉರುಳಿಸ್ರಿ

ನಮ್ಮನೆಗೆ ಗ್ಯಾಸ್ ತರುವ ಹುಡುಗ ಐವತ್ತು ಕಿಲೋ ಇದ್ದರೆ ಜಾಸ್ತಿ. ತುಂಬಿದ ಸಿಲಿಂಡರ್ ಸುಮಾರು 30 ಕಿಲೋ. ಗ್ಯಾಸೇ 14.2 ಕಿಲೋ, ಉಳಿದದ್ದು ಕಬ್ಬಿಣ. ರಾಯಚೂರಿನ ಮೇ ಬಿಸಿಲಲ್ಲಿ, ಬಾಗಿಲ ಹತ್ತಿರ ಇಟ್ಟಿದ್ದನ್ನು ತಬ್ಬಿಕೊಂಡು ಎತ್ತಲು ಹೋಗಿ ನಾನು ಸೊಂಟ ಹಿಡಿಸಿಕೊಂಡೆ. ಅವನು ನಕ್ಕ. "ಎತ್ತಬ್ಯಾಡ್ರೀ ಸರ, ಉರುಳಿಸ್ರಿ" ಅಂದ. ಸಿಲಿಂಡರನ್ನು ಚೂರು ಓರೆ ಮಾಡಿ, ಬುಡದ ಬಳೆಯ ಅಂಚಿನ ಮೇಲೆ ತಿರುಗಿಸುತ್ತ ಒಲೆಯತನಕ ಒಯ್ದುಬಿಟ್ಟ. ಒಂದೇ ಕೈಯಲ್ಲಿ!

ತೂಕ ಎಲ್ಲಿ ಹೋಯಿತು? ಎಲ್ಲಿಗೂ ಇಲ್ಲ. ಭೂಮಿ ಅಷ್ಟೇ ಜೋರಾಗಿ ಜಗ್ಗುತ್ತಿದೆ, ಆದರೆ ನೆಟ್ಟಗೆ ಕೆಳಕ್ಕೆ. ಆ ಭಾರ ನೆಲದ ಪಾಲು. ಓರೆ ಹದವಾಗಿದ್ದರೆ ಕೈಗೆ ಬರುವುದು ತೀರಾ ಕಮ್ಮಿ. ಅಡ್ಡ ತಳ್ಳುವವನಿಗೆ ಜಗಳ ಬರೀ ತಿಕ್ಕಾಟದ ಜೊತೆ. ಎಳೆದರೆ ಅದು ಹಟ ಮಾಡುತ್ತದೆ, ಉರುಳಿಸಿದರೆ ಸುಮ್ನೆ ದಾರಿ ಬಿಡುತ್ತದೆ.

ಈ ಉಪಾಯ ನಮ್ಮೂರಿಗೆ ಹೊಸದೇನಲ್ಲ. ಕೋಟೆ ಗೋಡೆಯಲ್ಲಿ 41 ಅಡಿ ಮೀರಿದ ಒಂದೇ ಕಲ್ಲಿದೆ, ಅದರ ಮೇಲೆ 1294ರ ಶಾಸನ. ಆ ಕಲ್ಲು ಬಂದ ಬಗೆಯನ್ನೂ ಅಲ್ಲೇ ಕೆತ್ತಿದ್ದಾರೆ. ಗಟ್ಟಿ ಗಾಲಿಯ ಬಂಡಿ, ಕೋಣಗಳ ಉದ್ದ ಸಾಲು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಹಾಕುವ ಮಂದಿ. ನನಗೆ ಕೋಣಗಳಿಗಿಂತ ಆ ಸನ್ನೆಯವರ ಮೇಲೆ ಪ್ರೀತಿ. ನಿಂತ ಬಂಡಿಯನ್ನು ಮೊದಲ ಗೇಣು ಅಲುಗಿಸೋದೇ ಕಷ್ಟ. ಹೊರಟ ಮೇಲೆ ಅದು ಮಾತು ಕೇಳುತ್ತದೆ. ಕೆಟ್ಟು ನಿಂತ ಕಾರು ತಳ್ಳಿದವರನ್ನು ಕೇಳಿ ನೋಡಿ.

ಮೆಟ್ಟಿಲ ಮುಂದೆ ಮಾತ್ರ ಈ ಆಟ ನಡೆಯಲ್ಲ. ನಮ್ಮದು ಮೇಲಿನ ಮನೆ. ಹುಡುಗ ಹೆಗಲಿಗೇ ಏರಿಸಬೇಕು, ಭೂಮಿಗೆ ಪೂರಾ ಲೆಕ್ಕ ಕೊಡಬೇಕು. ಅದಕ್ಕೇ ಇಪ್ಪತ್ತು ರೂಪಾಯಿ ಜಾಸ್ತಿ ಕೇಳುತ್ತಾನೆ. ಮೊದಲು ಗೊಣಗುತ್ತಿದ್ದೆ, ಸೊಂಟ ಹಿಡಿದ ಮೇಲೆ ಬಿಟ್ಟೆ. ಚಂದ್ರನ ಮೇಲೆ ಮನೆ ಮಾಡಿದ್ದರೆ ಅದೇ ಸಿಲಿಂಡರ್ 5 ಕಿಲೋ ಸೋನಾ ಮಸೂರಿ ಚೀಲದಷ್ಟೇ ಭಾರ ಅನ್ನಿಸುತ್ತಿತ್ತು. ಆದರೆ ಗಾಳಿಯಿಲ್ಲದ ಊರಲ್ಲಿ ಒಲೆ ಹತ್ತಬೇಕಲ್ವಾ?

ಮೊನ್ನೆ ಖಾಲಿ ಸಿಲಿಂಡರ್ ಮೇಲೆ ನಾನೂ ಕೈ ಪಳಗಿಸಲು ಹೋದೆ. ಮಳೆನೀರು ಹರಿಯಲೆಂದು ಗಾರೆಯವನು ವರಾಂಡಕ್ಕೆ ಕೊಟ್ಟ ಇಳಿಜಾರು ನೆನಪಿರಲಿಲ್ಲ. ಕೈಯಿಂದ ಜಾರಿ ಅಡ್ಡಾಯಿತು. ಡಣಡಣ ಅಂತ ಹೋಗಿ ಗೋಡೆಗೆ ಬಡಿಯಿತು.

"ಏನ್ ಬಿತ್ರೀ?" ಕೆಳಗಿನ ಮನೆಯ ಅಜ್ಜಿ ಕೂಗಿದರು.

"ಬಿದ್ದಿಲ್ರಿ ಅಜ್ಜಿ, ಉರುಳೈತಿ" ಅಂದೆ.